ಚೊಗರಿನಲ್ಲಿ ಮಿಂದ ಆನೆ ಕಾಸು

ಕಡಹಿನಬೈಲಿನ ಸೋಮಶೇಖರಪ್ಪನವರನ್ನು ಕೆಣಕಬೇಕಾದರೆ ಅವರ ತೋಟಕ್ಕೆ ಕೊಳೆರೋಗ ಬಂದಿದೆ ಎನ್ನಬೇಕಾಗಿಲ್ಲ, ಅವರ ನಾಯಿ ಊರವರನ್ನು ಕಚ್ಚುತ್ತದೆ ಎನ್ನಬೇಕಾಗಿಲ್ಲ. ಅವರ ಆನೆ ಕಾಸನ್ನು ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ಆನೆ ಎಲ್ಲಿದೆ?" ಎಂದು ಕೇಳಿದರೆ ಸಾಕು.

ಆನೆ ಇತ್ತು. ಇತ್ತು ಎಂದು ನಂಬಿದವರಿಗೆ ಕಾಣುತ್ತಲೂ ಇತ್ತು. ಹೆಬ್ಬೆಟ್ಟಿನಗಲದ, ದಪ್ಪನೆಯ ತಾಮ್ರದ ಕಾಸು ಅದು. ಅರಸರ ಕಾಲದ್ದು. ದೇವರ ಪೆಟ್ಟಿಗೆಯಲ್ಲಿ ವಿಭೂತಿ ಗಟ್ಟಿಗಳ ಪಕ್ಕದಲ್ಲಿ ಮಲಗಿ ಮಲಗಿ ಕಾಡಿಗೆಯಷ್ಟು ಕಪ್ಪಾಗಿತ್ತು. ಅದು ಮನೆಗೆ ಬಂದ ಬಗೆಯನ್ನು ಸೋಮಶೇಖರಪ್ಪನವರೇ ಹೇಳಬೇಕು. ಮೊದಮೊದಲು ಅವರ ಮುತ್ತಜ್ಜ ಅರಸರ ಆನೆಗೆ ಬೆಲ್ಲ ತಿನ್ನಿಸಿದ್ದಕ್ಕೆ ಸಿಕ್ಕಿದ ಇನಾಮು ಅದಾಗಿತ್ತು. ಕೆಲವು ವರ್ಷಗಳ ನಂತರ ಮುತ್ತಜ್ಜ ಆ ಆನೆಯ ಹೊಟ್ಟೆನೋವು ವಾಸಿಮಾಡಿದರು. ಈಚೆಗೆ ಮದವೇರಿದ ಅದೇ ಆನೆಯಿಂದ ಅರಸರನ್ನೇ ಪಾರುಮಾಡಿದ್ದರು. ಇನ್ನು ಸ್ವಲ್ಪ ವರ್ಷ ಬಿಟ್ಟಿದ್ದರೆ ಮುತ್ತಜ್ಜನೇ ಪಟ್ಟಕ್ಕೇರುತ್ತಿದ್ದರೋ ಏನೋ, ಅಷ್ಟರಲ್ಲಿ ಪ್ರದರ್ಶನದ ವಿಷಯ ಬಂತು.

ಶೃಂಗೇರಿಯಲ್ಲಿ ಹಳೆಯ ನಾಣ್ಯಗಳ ಪ್ರದರ್ಶನ. ನಡೆಸುವವರು ಕೊಪ್ಪದ ನಿವೃತ್ತ ಮೇಷ್ಟ್ರು ಚಂದ್ರಶೇಖರ. ಅವರು ಒಂದು ಮದುವೆ ಮನೆಯಲ್ಲಿ ಸೋಮಶೇಖರಪ್ಪನವರ ಮುತ್ತಜ್ಜನ ಕಥೆಯನ್ನು ಪಾಯಸದಿಂದ ಮಜ್ಜಿಗೆಯವರೆಗೆ ಕೇಳಿ, ತಪ್ಪಿಸಿಕೊಳ್ಳಲು ದಾರಿ ಕಾಣದೆ, "ನೀವೂ ಬಂದು ನಾಲ್ಕು ಮಾತಾಡಿ ಮಾರಾಯ್ರೆ" ಎಂದುಬಿಟ್ಟಿದ್ದರು. ಆಹ್ವಾನ ಪತ್ರಿಕೆ ಬಂತು. ಅದರಲ್ಲಿ ಅಚ್ಚಾಗಿತ್ತು: 'ಹಳೆಯ ನಾಣ್ಯಗಳ ರಕ್ಷಣೆ — ಶ್ರೀ ಸೋಮಶೇಖರಪ್ಪ, ಕಡಹಿನಬೈಲು.' ಜೀವಮಾನದಲ್ಲಿ ಮೊದಲ ಸಲ ಅವರಿಗೆ ವೇದಿಕೆಯ ಮೇಲೆ ಒಂದು ಕುರ್ಚಿ! ಈವರೆಗೆ ಅವರು ವೇದಿಕೆ ಹತ್ತಿದ್ದು ಕುರ್ಚಿ ಇಡುವುದಕ್ಕೆ ಮಾತ್ರ.

ಅವರು ತಕ್ಷಣ ಪತ್ರಿಕೆಯ ಫೋಟೊ ಮತ್ತು ಕಾಸಿನ ಫೋಟೊ ಎರಡನ್ನೂ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರು. ನರಸಿಂಹರಾಜಪುರದಲ್ಲಿರುವ ಅಕ್ಕ ದಾಕ್ಷಾಯಿಣಿಯ ಮಗ ಉಜ್ವಲ್ ಎಂಬ ತಲೆಹರಟೆ ಕೂಡಲೇ ಉತ್ತರ ಬರೆದ: "ಮಾವ, ಇದು ಯಾರ ಕೋಟಿನ ಗುಂಡಿ?"

ಅದರ ಕೆಳಗೆ ಇಡೀ ಬಳಗ ಹಲ್ಲು ಕಿಸಿದಿತ್ತು. ಕಣ್ಣೀರು ಸುರಿಸಿ ನಗುವ ಹಳದಿ ಮುಖಗಳು ಸಾಲುಗಟ್ಟಿದ್ದವು. ಅದರಲ್ಲಿ ಒಂದು ಮುಖ ಅವರ ಹೆಂಡತಿ ಗಂಗಾಂಬಿಕೆಯದು. ಆಕೆ ಅದನ್ನು ಅಡುಗೆಮನೆಯಿಂದಲೇ ಕಳಿಸಿದ್ದರು.

"ಗುಂಡಿಯಂತೆ! ಗುಂಡಿ!" ಸೋಮಶೇಖರಪ್ಪ ಫೋನನ್ನು ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗಿದರು. "ಅರಸರು ಕೊಟ್ಟ ಆನೆ ಇವನಿಗೆ ಗುಂಡಿ! ನೀನೂ ಕಿಸೀತೀಯಲ್ಲ, ನಾಚಿಕೆ ಆಗಲ್ವಾ?"

"ನಾನೆಂತ ಮಾಡ್ಲಿ? ಅಷ್ಟು ಕರೀ ಇದ್ರೆ ಆನೆ ಯಾವುದು, ಗುಂಡಿ ಯಾವುದು ಅಂತ ಯಾರಿಗೆ ಗೊತ್ತಾಗ್ತದೆ? ಒಂಚೂರು ತೊಳೆದು ಹಾಕ್ಬೇಕಿತ್ತು ಫೋಟೊ," ಎಂದರು ಗಂಗಾಂಬಿಕೆ, ಸಾರಿಗೆ ಹಾಕಲು ವಾಟೆಹುಳಿ ನೆನೆಸುತ್ತ.

ತೊಳೆಯುವುದು! ಈ ವಿಚಾರ ಎದ್ದದ್ದೇ ತಡ, ಸೋಮಶೇಖರಪ್ಪ ಅದನ್ನು ಸರ್ಕಾರಿ ಸಮಿತಿಯೊಂದು ಕೈಗೆತ್ತಿಕೊಂಡಂತೆ ಕೈಗೆತ್ತಿಕೊಂಡರು. ನಾಣ್ಯ ರಕ್ಷಣೆಯ ಬಗ್ಗೆ ಮಾತಾಡುವವರು ಕಂಡಕಂಡಂತೆ ತೊಳೆಯಲಾಗುತ್ತದೆಯೇ? ಅವರು ಬಲ್ಲವರ ಅಭಿಪ್ರಾಯ ಕೇಳಿದರು. ಬಲ್ಲವರು ಎಂದರೆ ಬೇಲಿಯಾಚೆಯ ಲೋಕೇಶ.

"ಬ್ಯಾಟರಿ ನೀರಲ್ಲಿ ನೆನೆಹಾಕಿ ಸೋಮಣ್ಣ," ಎಂದ ಲೋಕೇಶ. "ನಮ್ಮ ಪಿಕಪ್ಪಿಗೆ ತಂದಿದ್ದು ಒಂದು ಬಾಟ್ಲಿ ಉಳಿದಿದೆ. ಒಳ್ಳೆ ಶುದ್ಧ ನೀರು."

"ಥೂ! ಬ್ಯಾಟರಿಗೆ ಹಾಕೋದನ್ನ ದೇವರ ಪೆಟ್ಟಿಗೆ ಕಾಸಿಗೆ ಹಾಕ್ಲಾ? ಸುಟ್ಟು ಬೂದಿ ಆಗ್ತದೆ. ಇಂಥ ದಡ್ಡ ಸಲಹೆಯಿಂದಲೇ ಈ ದೇಶದ ಇತಿಹಾಸ ಹಾಳಾಗಿದ್ದು," ಎಂದು ಸೋಮಶೇಖರಪ್ಪ ಲೋಕೇಶನನ್ನು ಗದರಿಸಿ ಮನೆಗೆ ಬಂದರು. ಬಂದವರು ಗಂಗಾಂಬಿಕೆಯ ವಾಟೆಹುಳಿಯ ಬಟ್ಟಲನ್ನೇ ಎತ್ತಿಕೊಂಡು, ಅದಕ್ಕೆ ಕುದಿಯುವ ನೀರು ಸುರಿದು, ಕಾಸನ್ನು ಮುಳುಗಿಸಿದರು. ಒಂದಿಷ್ಟು ಉಪ್ಪು ಬೆರೆಸಿದರು. ನೆನೆದ ಮೇಲೆ ಒಲೆಯ ಬೂದಿ, ತೆಂಗಿನ ನಾರು, ಕೊನೆಗೆ ಹೊಳಪಿಗೆಂದು ಒಂದು ಚಿಟಿಕೆ ವಿಭೂತಿ. ತಿಕ್ಕಿದರು. ಆಳುಗಳಿಲ್ಲದ ಕಾಲದಲ್ಲಿ ಹಂಡೆ ತಿಕ್ಕಿದ ಅನುಭವವೆಲ್ಲ ಆ ಒಂದು ಕಾಸಿನ ಮೇಲೆ ಇಳಿಯಿತು.

ಆನೆ ಎದ್ದು ಬಂತು! ಸೊಂಡಿಲು, ಬಾಲ, ನಾಲ್ಕು ಕಾಲು, ಎಲ್ಲ ಥಳಥಳ ಹೊಳೆಯುತ್ತಿದ್ದವು. ಆದರೆ ಆನೆಯ ಬೆನ್ನ ಮೇಲೆ, ಅಂಬಾರಿ ಇರಬೇಕಾದ ಜಾಗದಲ್ಲಿ, ದುಂಡಗೆ ಒಂದು ತೂತು.

ಸೋಮಶೇಖರಪ್ಪ ಕಾಸನ್ನು ಬೆಳಕಿಗೆ ಹಿಡಿದರು. ತೂತಿನಾಚೆ ದನದ ಕೊಟ್ಟಿಗೆ ಕಾಣಿಸಿತು.

"ಗಂಗಾ! ನಿನ್ನ ಹುಳಿ ನನ್ನ ಆನೇನ ತಿಂದು ಹಾಕಿದೆ!"

ಗಂಗಾಂಬಿಕೆ ಸೌಟು ಹಿಡಿದೇ ಬಂದರು. ನೋಡಿದರು. "ಹುಳಿ ತಿನ್ನೋದೆಂತದ್ದು?"

"ಮೊದಲು ತೂತಿರಲಿಲ್ಲ. ಹುಳೀಲಿ ಹಾಕಿದೆ. ಈಗ ತೂತಿದೆ. ಇದಕ್ಕಿಂತ ಸಾಕ್ಷಿ ಬೇಕಾ? ತವರಿಂದ ತಂದ ಹುಳಿ ಅಲ್ವಾ ಇದು? ಆಸಿಡ್ಡು ಇದು, ಆಸಿಡ್ಡು!"

ಆಕೆಯ ಮುಖ ಕೆಂಪಾಯಿತು. "ನಮ್ಮ ತವರಿನ ಹುಳಿ ಮದುವೆ ಆದಾಗಿಂದ ನಿಮ್ಮ ಹೊಟ್ಟೆಗೆ ಹೋಗ್ತಾ ಇದೆ. ನಿಮ್ಮ ಹೊಟ್ಟೆ ಎಲ್ಲಾದ್ರೂ ತೂತಾಗಿದೆಯಾ? ತೂತಾಗಿದ್ರೆ ಮೂರು ಹೊತ್ತು ತಿಂದಿದ್ದು ಹೇಗೆ ನಿಲ್ತಿತ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಅಂದಿನಿಂದ ಆ ಮನೆಯಲ್ಲಿ ಸಾರಿಗೆ ಹುಳಿ ಬೀಳಲಿಲ್ಲ. ಹುಳಿಯಿಲ್ಲದ ಸಾರನ್ನು ಬಡಿಸುವಾಗಲೆಲ್ಲ ಗಂಗಾಂಬಿಕೆ, "ತಿನ್ನಿ, ಇದರಲ್ಲಿ ಆಸಿಡ್ಡಿಲ್ಲ" ಎನ್ನುತ್ತಿದ್ದರು. ಸೋಮಶೇಖರಪ್ಪ ಕೋಪದಿಂದ ಅದನ್ನೇ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು.

ತೂತಾದರೇನು, ಆನೆ ಆನೆಯೇ. ಅವರು ಹೊಳೆಯುವ ಕಾಸಿನ ಫೋಟೊ ತೆಗೆದು ಗುಂಪಿಗೆ ಹಾಕಿದರು. ಬಳಗ ಬೆರಗಾಯಿತು. ಉಜ್ವಲ್ ಕೂಡ ಕೈಮುಗಿದ ಚಿತ್ರ ಕಳಿಸಿದ. ಅದೇ ಉತ್ಸಾಹದಲ್ಲಿ ಅವರು ಫೋಟೊವನ್ನು ಚಂದ್ರಶೇಖರ ಮೇಷ್ಟ್ರಿಗೂ ಕಳಿಸಿದರು. ಕಳಿಸಿ ಕೈ ತೆಗೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಸೋಮಶೇಖರಪ್ಪ, ಇದನ್ನ ಉಜ್ಜಿದ್ರಾ?"

"ಹೌದು ಮೇಷ್ಟ್ರೆ, ಚೆನ್ನಾಗಿ!"

ಅತ್ತ ಕಡೆಯಿಂದ ಯಾರೋ ಸತ್ತ ಸುದ್ದಿ ಕೇಳಿದಂಥ ನಿಟ್ಟುಸಿರು ಬಂತು. "ಎಂಥ ಅನ್ಯಾಯ ಮಾಡಿದ್ರಿ ಮಾರಾಯ್ರೆ! ಹಳೇ ನಾಣ್ಯಕ್ಕೆ ಆ ಕಪ್ಪೇ ಜೀವ. ತಾಮ್ರದ ಮೇಲೆ ತಾನಾಗಿ ಕೂತ ಬಣ್ಣ, ಅದೇ ಅದರ ವಯಸ್ಸು, ಅದೇ ಅದರ ರಕ್ಷಣೆ. ಹುಳಿ, ಉಪ್ಪು, ಬೂದಿ, ನಾರು ಯಾವುದೂ ತಾಗಬಾರದು. ತೀರಾ ಮಣ್ಣು ಹತ್ತಿದ್ರೆ ಬಟ್ಟಿ ಇಳಿಸಿದ ನೀರಲ್ಲಿ ನೆನೆಹಾಕಿ, ಉಜ್ಜದೆ, ಮೆತ್ತನೆ ಬಟ್ಟೇಲಿ ಒತ್ತಿ ಒರೆಸೋದು, ಅಷ್ಟೇ."

"ಬಟ್ಟಿ ಇಳಿಸಿದ ನೀರು ಅಂದ್ರೆ?"

"ಬ್ಯಾಟರಿಗೆ ಹಾಕ್ತಾರಲ್ಲ, ಅದೇ."

ಸೋಮಶೇಖರಪ್ಪ ಬೇಲಿಯಾಚೆ ಲೋಕೇಶನ ಮನೆಯ ಕಡೆ ಸಿಟ್ಟಿನಿಂದ ನೋಡಿದರು. ಸರಿಯಾದ ಸಲಹೆಯನ್ನು ಅಷ್ಟು ಸಲೀಸಾಗಿ ಹೇಳಿದರೆ ಯಾರು ನಂಬುತ್ತಾರೆ?

"ಮತ್ತೆ, ಆ ಬೆನ್ನ ಮೇಲೆ ತೂತೆಂತದು?" ಮೇಷ್ಟ್ರು ಕೇಳಿದರು.

"ಅದು ಫೋಟೊದ ದೋಷ," ಎಂದರು ಸೋಮಶೇಖರಪ್ಪ.

"ನೋಡಿ, ಶಿವಮೊಗ್ಗದಿಂದ ಭವ್ಯ ಅಂತ ತಜ್ಞರು ಬರ್ತಾರೆ. ಉಜ್ಜಿದ ನಾಣ್ಯ ಕಂಡ್ರೆ ಅವರು ಮೇಜಿನ ಮೇಲೆ ಇಡೋಕೇ ಬಿಡಲ್ಲ. ನಾಣ್ಯಾನೇ ಇಲ್ಲದಿದ್ರೆ ನಾಣ್ಯ ರಕ್ಷಣೆ ಬಗ್ಗೆ ನಿಮ್ಮನ್ನ ಹೇಗೆ ಮಾತಾಡಿಸೋದು? ಕುರ್ಚಿ ಬೇರೆಯವರಿಗೆ ಕೊಡಬೇಕಾಗ್ತದೋ ಏನೋ."

ಕುರ್ಚಿ! ನೆಂಟರೆಲ್ಲ ಸೇರಿ ಶೃಂಗೇರಿಗೆ ಜೀಪು ಗೊತ್ತುಮಾಡಿಯಾಗಿತ್ತು. ಹೊಸ ಪಂಚೆಗೆ ಗಂಜಿ ಹಾಕಿಸಿಯಾಗಿತ್ತು. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಆಹ್ವಾನ ಪತ್ರಿಕೆ ಅಂಟಿಸಿಯಾಗಿತ್ತು. ಈಗ ಕುರ್ಚಿ ಹೋದರೆ? ಇದೆಂಥ ಲೋಕ! ಮನುಷ್ಯ ಸ್ನಾನ ಮಾಡಿದರೆ ಮರ್ಯಾದೆ, ಪಾತ್ರೆ ತೊಳೆದರೆ ಮರ್ಯಾದೆ, ನಾಣ್ಯ ತೊಳೆದರೆ ಅನ್ಯಾಯ! ಕೊಳೆಗೇ ಕೈಮುಗಿಯುವುದಾದರೆ ಮೊದಲೇ ಹೇಳಬಾರದೇ? ಸೋಮಶೇಖರಪ್ಪ ಅಂಗಳದಲ್ಲಿ ನಿಂತು ಈ ಪ್ರಶ್ನೆಗಳನ್ನು ನಾಯಿಗೆ ಕೇಳಿದರು. ನಾಯಿ ಎದ್ದು ಬೇರೆ ಕಡೆ ಹೋಯಿತು.

ಆಗ ಬೇಲಿಯಾಚೆಯಿಂದ ಅಡಿಕೆ ಬೇಯುವ ವಾಸನೆ ಬಂತು.

ಲೋಕೇಶನ ಅಂಗಳದಲ್ಲಿ ದೊಡ್ಡ ಹಂಡೆ ಕುದಿಯುತ್ತಿತ್ತು. ಸುಲಿದು ಎರಡು ಹೋಳು ಮಾಡಿದ ಹಸಿ ಅಡಿಕೆ ಒಳಗೆ ಹೋಗುವಾಗ ಬಿಳಿಚಿಕೊಂಡಿರುತ್ತಿತ್ತು, ಹೊರಗೆ ಬರುವಾಗ ಕಡುಗೆಂಪಾಗಿ, ನೂರು ವರ್ಷ ಹಳೆಯದರಂತೆ ಗಂಭೀರವಾಗಿರುತ್ತಿತ್ತು. ಎಲ್ಲ ಚೊಗರಿನ ಮಹಿಮೆ. ಅಡಿಕೆ ಬೇಯಿಸಿದ ನೀರು ಸುಂಡಿ ಸುಂಡಿ ಗಟ್ಟಿಯಾದ ಆ ಒಗರು ರಸವನ್ನು ಹಂಡೆಗೆ ಸುರಿಯುವುದನ್ನು ಸೋಮಶೇಖರಪ್ಪ ಹುಟ್ಟಿದಾಗಿನಿಂದ ನೋಡಿದ್ದರು. ಆದರೆ ಅಂದು ನೋಡಿದಂತೆ ಎಂದೂ ನೋಡಿರಲಿಲ್ಲ.

ಹೋದ ಬಣ್ಣವನ್ನು ಮತ್ತೆ ಬರಿಸಲು ಮಲೆನಾಡಿನವನಿಗೆ ಶಿವಮೊಗ್ಗದ ತಜ್ಞರು ಹೇಳಿಕೊಡಬೇಕೇ? ಲೋಕೇಶ ಕಾಫಿ ಕುಡಿಯಲು ಒಳಗೆ ಹೋದ ಗಳಿಗೆ ನೋಡಿ ಅವರು ಬೇಲಿ ದಾಟಿದರು. ಕಾಸನ್ನು ಬಾಳೆನಾರಿನಲ್ಲಿ ಸುತ್ತಿ ಕಟ್ಟಿ, ನಾರಿನ ತುದಿ ಕೈಯಲ್ಲಿ ಹಿಡಿದು, ಹಂಡೆಯೊಳಗೆ ಇಳಿಬಿಟ್ಟರು. ಒಂದು ಕುದಿ ಬಂತು. ಎರಡನೆಯದೂ ಬಂತು. ಮೇಲೆ ಎಳೆದರೆ ಬಾಳೆನಾರು ಬೆಂದು ಮೆತ್ತಗಾಗಿ ಒಂದೇ ಬಂತು. ಆನೆ ಬರಲಿಲ್ಲ.

ಲೋಕೇಶ ಹೊರಬಂದು ಜಾಲರಿ ಸೌಟಿನಿಂದ ಅಡಿಕೆಯನ್ನು ಬಾಚಿ ಬಾಚಿ ತೆಗೆದು ಚಪ್ಪರದ ಮೇಲೆ ಹರವಿದ. ಅಡಿಕೆ ಹೋಳೂ ಕೆಂಪು, ಕಾಸೂ ಕೆಂಪು. ಅದೂ ದುಂಡಗೆ ಚಪ್ಪಟೆ, ಇದೂ ದುಂಡಗೆ ಚಪ್ಪಟೆ. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಊರಿಂದ ಕೊಪ್ಪಕ್ಕೆ, ಕೊಪ್ಪದಿಂದ ಮೇಷ್ಟ್ರಿಗೆ. ಆದ್ದರಿಂದ ಸೋಮಶೇಖರಪ್ಪ ಹೇಳಲಿಲ್ಲ. ಅಡಿಕೆ ಒಣಗುವಷ್ಟು ದಿನವೂ ಬೆಳಗಾದರೆ ಲೋಕೇಶನ ಚಪ್ಪರದಲ್ಲಿ ಕೂತು ಅಡಿಕೆ ಕೆದಕಿದರು.

"ಯಾಕೆ ಸೋಮಣ್ಣ ಸುಮ್ನೆ ತೊಂದರೆ ತಗೊಳ್ತೀರಿ?" ಎಂದು ಲೋಕೇಶ ಸಂಕೋಚಪಟ್ಟ.

"ಅಡಿಕೆ ಒಂದೇ ಮಗ್ಗುಲಿಗೆ ಮಲಗಬಾರದು. ತಿರುಗಿಸ್ತಾ ಇರಬೇಕು," ಎಂದರು ಸೋಮಶೇಖರಪ್ಪ ಸಿಡುಕಿ.

ಈ ಕಾಲದಲ್ಲಿ ಇಂಥ ನೆರೆಯವರು ಎಲ್ಲಿ ಸಿಗುತ್ತಾರೆ ಎಂದು ಲೋಕೇಶನಿಗೆ ಕಣ್ಣು ತುಂಬಿ ಬಂತು. ಪ್ರದರ್ಶನದ ಹಿಂದಿನ ದಿನ ಅವನು ಅಡಿಕೆಯನ್ನು ಚೀಲಕ್ಕೆ ತುಂಬಿ ಕೊಪ್ಪದ ಮಂಡಿಗೆ ಹೊರಟಾಗ, ಕೆದಕಿ ಕೆದಕಿ ಬೆರಳು ಕೆಂಪಾಗಿದ್ದ ಸೋಮಶೇಖರಪ್ಪ ಕರೆಯದೆಯೇ ಪಿಕಪ್ ಹತ್ತಿ ಚೀಲಗಳ ಮೇಲೆ ಕೂತರು. ಲೋಕೇಶ ಅವರ ಕೆಳಗೆ ಒಂದು ಖಾಲಿ ಗೋಣಿ ಮಡಚಿ ಹಾಸಿದ.

ಮಂಡಿಯ ಯಜಮಾನ ಹರೀಶ ಅಡಿಕೆಯ ವಿಷಯದಲ್ಲಿ ಯಾರನ್ನೂ ನಂಬದ ಮನುಷ್ಯ. ಮೊದಲ ಚೀಲ ಬಿಚ್ಚಿಸಿ, ಅಡಿಕೆಯನ್ನು ನೆಲಕ್ಕೆ ಸುರಿಸಿದ. ಅಡಿಕೆ ಸುರಿಯುವ ಸದ್ದಿನ ನಡುವೆ 'ಟಣ್' ಎಂದು ಇನ್ನೊಂದು ಸದ್ದಾಯಿತು. ಹರೀಶ ಬಗ್ಗಿ ಒಂದು ಹೋಳನ್ನು ಎತ್ತಿಕೊಂಡ, ಅದನ್ನು ಹಲ್ಲಿನಲ್ಲಿ ಕಚ್ಚಿದ, ಮರುಕ್ಷಣ ದವಡೆ ಹಿಡಿದುಕೊಂಡ.

"ಏನಪ್ಪಾ ಲೋಕೇಶ, ತೂಕಕ್ಕೆ ಕಬ್ಬಿಣ ಹಾಕೋಕೆ ಶುರು ಮಾಡಿದ್ರಾ?"

ತೂಗುತ್ತಿದ್ದವರು ತಕ್ಕಡಿ ಬಿಟ್ಟು ಸುತ್ತ ಸೇರಿದರು. ಆಗ ಚೀಲಗಳ ಹಿಂದಿನಿಂದ ರೋಷದ ದನಿಯೊಂದು ಗುಡುಗಿತು: "ಕಬ್ಬಿಣ ಅಲ್ಲ! ತಾಮ್ರ! ಅಪ್ಪಟ ತಾಮ್ರ!"

ಎಲ್ಲರೂ ತಿರುಗಿ ನೋಡಿದರು. ಅಪರಾಧವನ್ನು ಇಷ್ಟು ಅಭಿಮಾನದಿಂದ ಒಪ್ಪಿಕೊಂಡವರನ್ನು ಕೊಪ್ಪ ಹಿಂದೆ ಕಂಡಿರಲಿಲ್ಲ.

"ಸೋಮಣ್ಣ," ಎಂದ ಲೋಕೇಶ ಮೆಲ್ಲಗೆ, "ದಿನಾ ಬಂದು ನನ್ನ ಅಡಿಕೆ ಕೆದಕ್ತಾ ಇದ್ದಿದ್ದು ಇದನ್ನ ಬೆರೆಸೋಕಾ?"

"ಬೆರೆಸೋಕಲ್ಲ ಮಾರಾಯ, ಹುಡುಕೋಕೆ! ಅದು ನನ್ನ ಕಾಸು! ಆನೆ ಕಾಸು! ಬೇಕಾದ್ರೆ ನೋಡಿ ಫೋಟೊ," ಎಂದು ಸೋಮಶೇಖರಪ್ಪ ಫೋನು ತೆಗೆದು ಹರೀಶನ ಮೂಗಿಗೆ ಹಿಡಿದರು.

ಹರೀಶ ನೋಡಿದ. "ಇದು ಕರೀ ಬಣ್ಣದ್ದು."

"ಅದು ಮೊದಲನೇದು. ಮುಂದಿಂದು ನೋಡಿ."

"ಇದು ಥಳಥಳ ಹೊಳೀತಾ ಇದೆ. ಬೆನ್ನ ಮೇಲೆ ತೂತೂ ಇದೆ. ನನ್ನ ಕೈಲಿರೋದು ಕೆಂಪು. ತೂತಿಲ್ಲ." ಅದೂ ನಿಜವೇ. ತೂತಿದ್ದಲ್ಲಿ ಅಡಿಕೆಯ ಚೂರೊಂದು ಬೆಣೆ ಹೊಡೆದಂತೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು.

"ಎಲ್ಲ ಒಂದೇ ಕಾಸು. ಬಣ್ಣ ಬದಲಾಗಿದೆ."

"ಹೇಗೆ ಬದಲಾಯ್ತು?"

ಬಾಯಿ ತೆರೆದ ಸೋಮಶೇಖರಪ್ಪನವರಿಗೆ ಸುತ್ತ ಫೋನು ಎತ್ತಿ ವಿಡಿಯೊ ಮಾಡುತ್ತಿದ್ದವರು ಕಂಡರು. ಸಾಲದ್ದಕ್ಕೆ ಕೊಪ್ಪ ಮೇಷ್ಟ್ರ ಊರು. ಅವರು ಗಂಟಲು ಸರಿಮಾಡಿಕೊಂಡು, "ಅದು ತಾಮ್ರದ ಸಹಜ ಗುಣ" ಎಂದರು.

"ತೂತು ಬಂದು ಹೋಗೋದು?"

"ಅದೂ ಸಹಜವೇ."

ಹರೀಶ ನಿಧಾನವಾಗಿ ತಲೆಯಾಡಿಸಿದ. "ಗೊತ್ತಾಯ್ತು. ಕರೀದು ಒಂದು, ಹೊಳೆಯೋದು ಒಂದು, ಕೆಂಪು ಒಂದು. ಒಟ್ಟು ಮೂರು. ಒಂದು ಸಿಕ್ತು. ಇನ್ನೆರಡು ಯಾವ ಚೀಲದಲ್ಲಿದೆ ಯಜಮಾನ್ರೆ?"

ಲೋಕೇಶನ ಚೀಲಗಳನ್ನೆಲ್ಲ ಬಿಚ್ಚಿ ಸುರಿದರು. ಇನ್ನೆರಡು ಕಾಸು ಸಿಗಲಿಲ್ಲ. ಸಿಗದಿದ್ದದ್ದು ಅನುಮಾನವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿತು. ಯಾರೋ ಲೋಕೇಶನ ಪಿಕಪ್ಪಿನ ಸೀಟೂ ಎತ್ತಿ ನೋಡಿದರು. ಸೋಮಶೇಖರಪ್ಪನವರ ತಾಳ್ಮೆ ಮುಗಿಯಿತು. "ಯಾರನ್ನ ಕಳ್ಳ ಅಂತಿದೀರಿ ಗೊತ್ತಾ?" ಎಂದು ಅಬ್ಬರಿಸಿ ಕಿಸೆಯಿಂದ ಆಹ್ವಾನ ಪತ್ರಿಕೆ ಎಳೆದು ಹರೀಶನ ಕೈಗೆ ತುರುಕಿದರು. "ಓದಿ! ನಾಳೆ ಶೃಂಗೇರಿಯಲ್ಲಿ ನಾನು ವೇದಿಕೆ ಮೇಲಿರೋನು!"

ಹರೀಶ ಕನ್ನಡಕ ಹಾಕಿಕೊಂಡು ಓದಿದ. "ಓಹೋ, ತಜ್ಞರು ಬರ್ತಾರೆ ಅಂತಲೂ ಇದೆ. ಒಳ್ಳೇದಾಯ್ತು. ಮೂರೋ ಒಂದೋ ಅವರೇ ಹೇಳ್ಲಿ. ನಾನೂ ಬರ್ತೀನಿ. ಅಲ್ಲೀವರೆಗೆ ಇದು ನನ್ನ ಹತ್ರ ಇರ್ತದೆ, ಲೋಕೇಶನ ಅಡಿಕೆ ಇಲ್ಲೇ ಇರ್ತದೆ."

ಹೀಗೆ ಸೋಮಶೇಖರಪ್ಪನವರು ತಮ್ಮ ಕೈಯಾರೆ ತಮ್ಮ ವಿಚಾರಣೆಗೆ ಆಹ್ವಾನ ಪತ್ರಿಕೆ ಹಂಚಿದರು. ಪಿಕಪ್ ಊರಿಗೆ ಮರಳಿದಾಗ ಲೋಕೇಶ, "ನಾಳೆ ನಾನು ಮುಂದಿನ ಸಾಲಲ್ಲೇ ಕೂರ್ತೀನಿ ಸೋಮಣ್ಣ" ಎಂದ. ಸೋಮಶೇಖರಪ್ಪ ಆ ದಿನ ಎರಡನೇ ಸಲ ಸಾರು ಬಡಿಸಿಕೊಳ್ಳಲಿಲ್ಲ.

ಮರುದಿನ ಶೃಂಗೇರಿಯ ಸಭಾಭವನ ತುಂಬಿತ್ತು. ನಾಣ್ಯ ನೋಡಲು ಬಂದವರು ಸ್ವಲ್ಪ, ವಿಡಿಯೊ ನೋಡಿ ಬಂದವರು ಬಹಳ. ಮುಂದಿನ ಸಾಲಿನಲ್ಲಿ ಹರೀಶ, ಅವನ ಪಕ್ಕ ಲೋಕೇಶ. ಎರಡನೇ ಸಾಲಿನಲ್ಲಿ ನೆಂಟರ ಜೀಪು ಇಡಿಯಾಗಿ ಇಳಿದಿತ್ತು. ಅದರ ನಡುವೆ ಅಕ್ಕ ದಾಕ್ಷಾಯಿಣಿ, ಕಿವಿ ಮಂದವಾದರೂ ದನಿ ಮಂದವಾಗದವರು. ಪಕ್ಕದಲ್ಲಿ ಗಂಗಾಂಬಿಕೆ, ಹುಳಿಯ ಅವಮಾನವನ್ನು ಇನ್ನೂ ಮರೆಯದವರು. ಸೋಮಶೇಖರಪ್ಪ ಗಂಜಿ ಹಾಕಿದ ಪಂಚೆ ಉಟ್ಟು ವೇದಿಕೆಯ ಮೇಲೆ ಕೂತಿದ್ದರು. ಕುರ್ಚಿ ಸಿಕ್ಕಿತ್ತು. ಅದು ಎಷ್ಟು ಹೊತ್ತಿನವರೆಗೆ ಎಂಬುದೇ ಪ್ರಶ್ನೆ.

ಹರೀಶ ಮೊದಲೇ ಎದ್ದು ಕಾಸನ್ನು ಭವ್ಯ ಅವರ ಮುಂದಿಟ್ಟ. "ಮೇಡಂ, ಭಾಷಣ ಆಮೇಲೆ ಆಗ್ಲಿ. ಇದು ಆನೆ ಕಾಸಾ, ಅಡಿಕೆ ತೂಕಕ್ಕೆ ಮಾಡಿಸಿದ ಬಿಲ್ಲೆಯಾ, ಇಂಥವು ಮೂರಿದೆಯಾ ಒಂದಿದೆಯಾ, ಹೇಳಿಬಿಡಿ. ಒಬ್ಬ ಬಡಪಾಯಿಯ ಅಡಿಕೆ ಮಂಡೀಲಿ ನಿಂತಿದೆ."

ಭವ್ಯ ಕಾಸನ್ನು ಅಂಚಿನಲ್ಲಿ ಹಿಡಿದು ಎತ್ತಿದರು. ಮಸೂರದಲ್ಲಿ ನೋಡಿದರು. ಮೂಸಿ ನೋಡಿದರು. "ಕಾಸು ಅಸಲೀನೆ. ಆದ್ರೆ ಈ ಬಣ್ಣ ನಾನು ಎಲ್ಲೂ ಕಂಡಿಲ್ಲ. ಇದೇನು, ಅಡಿಕೆ ವಾಸನೆ?"

ಚಂದ್ರಶೇಖರ ಮೇಷ್ಟ್ರು ಸೋಮಶೇಖರಪ್ಪನವರ ಕಡೆ ತಿರುಗಿದರು. ಸಭೆಯೂ ತಿರುಗಿತು. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತದೆ, ಲೋಕೇಶನ ಅಡಿಕೆ ಮಂಡಿಯಲ್ಲೇ ಉಳಿಯುತ್ತದೆ. ಬಾಯಿ ಬಿಟ್ಟರೆ ಅಡಿಕೆ ಬಿಡುಗಡೆಯಾಗುತ್ತದೆ, ನಾಣ್ಯ ರಕ್ಷಣೆಯ ಭಾಷಣಕಾರರು ತಮ್ಮ ನಾಣ್ಯವನ್ನು ಸಾರು ಮಾಡಿದಂತೆ ಬೇಯಿಸಿದ್ದು ಮೂರು ತಾಲ್ಲೂಕಿಗೆ ಗೊತ್ತಾಗುತ್ತದೆ. ಲೋಕೇಶ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಸೋಮಶೇಖರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಹೌದು, ಬೇಯಿಸ್ದೆ! ಚೊಗರಲ್ಲಿ ಬೇಯಿಸ್ದೆ! ಏನೀಗ? ಹುಳೀಲಿ ತಿಕ್ಕಿದ್ದೂ ನಾನೇ. ಹೊಳೆದ್ರೆ ಅನ್ಯಾಯ ಅಂದ್ರಿ, ಬಣ್ಣ ಹಾಕಿದ್ರೆ ಕಳ್ಳ ಅಂದ್ರಿ. ಕಾಸು ಒಂದೇ, ಮೂರಲ್ಲ. ಲೋಕೇಶನಿಗೆ ಇದರ ಗಂಧಗಾಳಿ ಇಲ್ಲ. ಅವನ ಅಡಿಕೆ ಬಿಡಿ!"

"ಹಾಗಾದ್ರೆ ತೂತು?" ಹರೀಶ ಬಿಡಲಿಲ್ಲ. "ಒಂದರಲ್ಲಿ ಇದೆ, ಎರಡರಲ್ಲಿ ಇಲ್ಲ."

ಭವ್ಯ ಒಂದು ಪಿನ್ನಿನಿಂದ ಆನೆಯ ಬೆನ್ನನ್ನು ಚುಚ್ಚಿದರು. ಅಡಿಕೆಯ ಚೂರು ಉದುರಿತು. ತೂತು ಕಂಡಿತು. ಸಭೆ 'ಓ' ಎಂದಿತು.

"ಅದು ಹುಳಿ ತಿಂದಿದ್ದು!" ಎಂದರು ಸೋಮಶೇಖರಪ್ಪ. "ನಮ್ಮ ಮನೆಯವಳ ತವರಿಂದು!"

ಎರಡನೇ ಸಾಲಿನಲ್ಲಿ ಗಂಗಾಂಬಿಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಯಾವ ಹುಳಿಯೂ ಇಷ್ಟು ದುಂಡಗೆ ತಿನ್ನಲ್ಲ ಸರ್," ಎಂದರು ಭವ್ಯ. "ಇದು ಮೊಳೆ ಹೊಡೆದ ತೂತು. ಹಳೇದು. ಒಳಗೆ ಅಂಚಲ್ಲಿ ಜೇನುಮೇಣ ಇದೆ. ಯಾರೋ ಮುಚ್ಚಿದ್ರು, ನೀವು ಬಿಸಿನೀರಲ್ಲಿ ಕರಗಿಸಿದೀರಿ. ಯಾರು ಹೊಡೆದ್ರು, ಯಾಕೆ ಹೊಡೆದ್ರು ಅಂತ ಗೊತ್ತಿದ್ರೆ ಒಂದೇ ಕಾಸು ಅನ್ನೋದಕ್ಕೆ ಸಾಕ್ಷಿ ಆಗ್ತದೆ."

"ಎಂತ ಕೇಳ್ತಿದಾರೆ?" ದಾಕ್ಷಾಯಿಣಿಯವರು ಗಟ್ಟಿಯಾಗಿ ಮಗನನ್ನು ವಿಚಾರಿಸಿದರು. ಉಜ್ವಲ್ ಕಿವಿಯಲ್ಲಿ ಕೂಗಿ ಹೇಳಿದ. ಅವರು ಎದ್ದು ನಿಂತರು. ಯಾರೋ ಮೈಕು ಕೊಟ್ಟರು. ಅವರಿಗೆ ಅದು ಬೇಕಾಗಿರಲಿಲ್ಲ.

"ತೂತು ಹೊಡೆದಿದ್ದು ನಮ್ಮಪ್ಪ. ನಮ್ಮ ಸೋಮ ಹುಟ್ಟಿದಾಗ ಉಡಿದಾರಕ್ಕೆ ಕಟ್ಟೋಕೆ. ಮೂರು ವರ್ಷದವರೆಗೆ ಇವನ ಮೈಮೇಲೆ ಇದ್ದಿದ್ದು ಅದೊಂದೇ. ಇನ್ನೊಂದು ನೂಲೆಳೆ ಹಾಕಿದ್ರೂ ಕಿತ್ತು ಬಿಸಾಡ್ತಿದ್ದ. ಆ ಕಾಸು ಕುಣಿಸಿಕೊಂಡು ಬರೀ ಮೈಯಲ್ಲಿ ಅಂಗಳದಿಂದ ಗದ್ದೆವರೆಗೆ ಓಡೋನು. ಹಿಂದಿಂದ ನಾನು ಓಡ್ಬೇಕಿತ್ತು."

ಸಭೆ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಮೇಲಿದ್ದ ಸೋಮಶೇಖರಪ್ಪ ತಮಗರಿವಿಲ್ಲದೆ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡರು. "ಅಕ್ಕಾ, ಅರಸರು ಮುತ್ತಜ್ಜನಿಗೆ..." ಎಂದು ಏನೋ ಹೇಳಹೊರಟರು.

"ಯಾವ ಅರಸರು? ಅಪ್ಪ ಗದ್ದೆ ಉಳುವಾಗ ಕೆಸರಲ್ಲಿ ಸಿಕ್ಕಿದ್ದು. ಆಮೇಲೆ ದೇವರ ಪೆಟ್ಟಿಗೇಲಿ ಇಡುವಾಗ ತೂತಿನ ಕಾಸು ಪೂಜೆಗೆ ಬರಲ್ಲ ಅಂತ ಅವ್ವ ಮೇಣ ತುಂಬಿ ಮಸಿ ಬಳಿದ್ಲು. ಉಡಿದಾರದಲ್ಲಿದ್ದಾಗ ಇವನು ಅದರ ಮೇಲೆ ಮಾಡಬಾರದ್ದೆಲ್ಲ ಮಾಡ್ತಿದ್ದ ಅಂತ ನಾನೇ ಅದನ್ನ ವಾರವಾರ ಹುಳಿ ಬೂದಿ ಹಾಕಿ ತಿಕ್ಕಿ ತೊಳೀತಿದ್ದೆ. ಪಳಪಳ ಹೊಳೀತಿತ್ತು ಮಾರಾಯ್ರೆ, ಇವನಷ್ಟೇ!"

ಭವ್ಯ ಕಾಸನ್ನು ಕೆಳಗಿಟ್ಟು ನಕ್ಕುಬಿಟ್ಟರು. "ಹಾಗಾದ್ರೆ ಸರ್, ನೀವು ತಿಕ್ಕಿ ತೆಗೆದ ಕಪ್ಪು ಅರಸರ ಕಾಲದ್ದಲ್ಲ. ನೀವು ಬಟ್ಟೆ ಹಾಕಿಕೊಳ್ಳೋಕೆ ಶುರು ಮಾಡಿದ ಮೇಲೆ ಕೂತಿದ್ದು. ಅದು ನಿಮ್ಮ ವಯಸ್ಸು, ಕಾಸಿಂದಲ್ಲ."

ಸೋಮಶೇಖರಪ್ಪನವರಿಗೆ ಈ ಮಾತಿಗೆ ಕೋಪ ಮಾಡಿಕೊಳ್ಳಬೇಕೋ ಸಮಾಧಾನ ಪಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಭ್ಯಾಸದ ಬಲದಿಂದ ಕೋಪವನ್ನೇ ಮಾಡಿಕೊಂಡರು. ಹರೀಶ ಕಣ್ಣೊರೆಸಿಕೊಳ್ಳುತ್ತ ಮಂಡಿಗೆ ಫೋನು ಮಾಡಿ ಲೋಕೇಶನ ಅಡಿಕೆ ಬಿಡಲು ಹೇಳಿದ. ಲೋಕೇಶ ಎದ್ದು ಬಂದು ಸೋಮಣ್ಣನ ಕೈ ಕುಲುಕಿ, "ನಿಮ್ಮ ಭಾಷಣಕ್ಕೆ ಬ್ಯಾಟರಿ ನೀರು ತಂದಿದ್ದೆ" ಎಂದು ಬಾಟಲಿಯನ್ನು ಅವರ ಮುಂದೆ ಇಟ್ಟು ಹೋದ. ಮೇಷ್ಟ್ರು ಆನೆ ಕಾಸನ್ನು ಮೇಜಿನ ಮೇಲೆ ಇಡುವುದಕ್ಕೇನೋ ಒಪ್ಪಿದರು. ಅದರ ಮುಂದೆ ಒಂದು ಚೀಟಿಯನ್ನೂ ಇಟ್ಟರು: 'ಹೀಗೆ ಮಾಡಬೇಡಿ. ಕೃಪೆ: ಶ್ರೀ ಸೋಮಶೇಖರಪ್ಪ, ಕಡಹಿನಬೈಲು.' ಉಳಿದ ಮೇಜುಗಳಲ್ಲಿ ಬೆಳ್ಳಿಯ, ಬಂಗಾರದ ನಾಣ್ಯಗಳಿದ್ದವು. ಜನ ನುಗ್ಗಿದ್ದು ಈ ಮೇಜಿಗೆ. ಉಜ್ವಲ್ ಅದರ ಫೋಟೊ ತೆಗೆದು ಆಗಲೇ ನೆಂಟರ ಗುಂಪಿಗೆ ಹಾಕಿಯಾಗಿತ್ತು.

"ಈಗ ಶ್ರೀ ಸೋಮಶೇಖರಪ್ಪನವರು ನಾಣ್ಯ ರಕ್ಷಣೆಯ ಬಗ್ಗೆ ಮಾತಾಡ್ತಾರೆ," ಎಂದು ಮೇಷ್ಟ್ರು ಮೈಕಿನಲ್ಲಿ ಸಾರಿದರು. ಎಷ್ಟೆಂದರೂ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತಲ್ಲ.

ಸೋಮಶೇಖರಪ್ಪ ಜೇಬಿನಿಂದ ಭಾಷಣದ ಹಾಳೆಗಳನ್ನು ತೆಗೆದು, ಬಿಡಿಸಿ, ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಒಂದು ನಿಮಿಷ," ಎಂದರು ಗಂಗಾಂಬಿಕೆ, ಎದ್ದು ನಿಂತು. "ಅದೆಲ್ಲ ಆಮೇಲೆ. ಮೊದಲು ನಮ್ಮ ಹುಳಿ ವಿಷಯ ಹೇಳಿ. ಆಸಿಡ್ಡು ಅಂದಿದ್ದು ಮನೇಲಿ, ಈಗ ಸಭೇಲೂ ಅಂದ್ರಿ. ವಾಪಸ್ ತಗೊಳ್ಳೋದೂ ಸಭೇಲೇ ಆಗ್ಲಿ."

ಸಭೆ ಚಪ್ಪಾಳೆ ತಟ್ಟಿತು. ಸೋಮಶೇಖರಪ್ಪ ಮೇಷ್ಟ್ರ ಕಡೆ ನೋಡಿದರು, ಮೇಷ್ಟ್ರು ಚಾವಣಿ ನೋಡಿದರು. ಅಕ್ಕನ ಕಡೆ ನೋಡಿದರು, ಅಕ್ಕ ಇನ್ನೇನೋ ನೆನಪಾದವರಂತೆ ಮತ್ತೆ ಎದ್ದು ನಿಲ್ಲುವ ಅಂದಾಜಿನಲ್ಲಿದ್ದರು. ಸೋಮಶೇಖರಪ್ಪ ಅವಸರವಸರವಾಗಿ ಹಾಳೆಗಳನ್ನು ಮಡಚಿ ಜೇಬಿಗಿಟ್ಟರು. ನಂತರ ನೆಲ ನೋಡುತ್ತ, ಮೀಸೆಯೊಳಗೇ ಹೇಳಿದರು:

"ವಾಟೆಹುಳಿಯಿಂದ ನಾಣ್ಯಕ್ಕೆ ತೂತಾಗುವುದಿಲ್ಲ."

"ಕೇಳಿಸ್ಲಿಲ್ಲ," ಎಂದರು ಗಂಗಾಂಬಿಕೆ. "ಇನ್ನೊಂದ್ಸಲ."